ರ್‍ಯಾಕ್ ಎರಡು ಸ್ಪೀಕರ್ ಮಧ್ಯ ಇರ್ಬೇಕಾ, ಪಕ್ಕದ ಗೋಡೆಗೆ ಹೋಗ್ಬೇಕಾ? ವಾಲ್ಯೂಮ್ ಏರಿಸಿದ್ರೆ ಟರ್ನ್‌ಟೇಬಲ್ ಗುಂಯ್ ಅಂತಿದೆ

ಕಪ್ಪುತಟ್ಟೆ:
ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೀತಿದೀನಿ, ದಯವಿಟ್ಟು ಪೂರ್ತಿ ಓದಿ. ನನ್ ರೂಮು 16 ಅಡಿ ಉದ್ದ, 12 ಅಡಿ ಅಗಲ. ಚಿಕ್ಕ ಗೋಡೆ ಕಡೆ ಸ್ಟ್ಯಾಂಡ್ ಮೇಲೆ ಸ್ಪೀಕರ್ ಇಟ್ಟಿದೀನಿ, ಎರಡರ ಮಧ್ಯ 7 ಅಡಿ ಇದೆ, ಸ್ಪೀಕರ್ ಮುಖ ಗೋಡೆಯಿಂದ 2 ಅಡಿ ಮುಂದಿದೆ. ನಾನು ಕೂರೋದು ಅದೇ ಗೋಡೆಯಿಂದ 9 ಅಡಿ ದೂರದಲ್ಲಿ. ಮಧ್ಯ ಜಾಗ ಸುಮ್ನೆ ಖಾಲಿ ಬಿದ್ದಿತ್ತು ಅಂತ 4 ಅಡಿ ಅಗಲ 3 ಅಡಿ ಎತ್ತರದ ಮರದ ರ್‍ಯಾಕ್ ತಂದು ಅಲ್ಲೇ ಇಟ್ಟು, ಕೆಳಗೆ ಆಂಪ್ಲಿಫೈಯರ್, ಮಧ್ಯ ಸಿಡಿ ಪ್ಲೇಯರ್ ಮತ್ತೆ ಬೇರೆ ಫೋನೊ ಸ್ಟೇಜು (ಸೂಜಿಯಿಂದ ಬರೋ ಸಣ್ಣ ಸಿಗ್ನಲ್ ಎತ್ತಿಕೊಡೋ ಪೆಟ್ಟಿಗೆ), ಎಲ್ಲಕ್ಕೂ ಮೇಲೆ ಟರ್ನ್‌ಟೇಬಲ್ ಜೋಡಿಸಿದೆ. ರ್‍ಯಾಕ್ ಆಳ ಜಾಸ್ತಿ ಇರೋದ್ರಿಂದ ಸ್ಪೀಕರ್ ಮುಖಕ್ಕಿಂತ ಅರ್ಧ ಅಡಿ ಮುಂದೆ ಚಾಚ್ಕೊಂಡಿದೆ.

ತೊಂದ್ರೆ ಎರಡು. ಒಂದು, ಎಲ್‌ಪಿ ಹಾಕಿ ವಾಲ್ಯೂಮ್ ಅರ್ಧ ದಾಟಿಸಿದ್ರೆ ಸಾಕು, ಒಳಗಿಂದ ಗುಂಯ್ ಅನ್ನೋ ಶಬ್ದ ಶುರುವಾಗಿ ತಾನೇ ತಾನಾಗಿ ಬೆಳೀತಾ ಹೋಗತ್ತೆ, ವೂಫರ್ (ಸ್ಪೀಕರಲ್ಲಿ ಬಾಸ್, ಅಂದ್ರೆ ತಗ್ಗು ಸ್ವರ, ಕೊಡೋ ಭಾಗ) ಕೋನ್ ಕಣ್ಣಿಗೆ ಕಾಣೋ ಹಾಗೆ ಮುಂದಕ್ಕೂ ಹಿಂದಕ್ಕೂ ಆಡತ್ತೆ, ಓಡಿ ಹೋಗಿ ವಾಲ್ಯೂಮ್ ಇಳಿಸ್ಬೇಕು. ಸಿಡಿಯಲ್ಲಿ ಇದು ಆಗಲ್ಲ. ಎರಡನೇದು ಸಿಡಿಯಲ್ಲೂ ಇದೆ: ಹಾಡೋವ್ರ ಧ್ವನಿ ಮಧ್ಯದಲ್ಲಿ ಒಂದು ಜಾಗದಲ್ಲಿ ನಿಲ್ಲಲ್ಲ, ರ್‍ಯಾಕ್ ಉದ್ದಕ್ಕೂ ಹರಡ್ಕೊಂಡ ಹಾಗೆ ಕೇಳತ್ತೆ. ಪಕ್ಕದ ಗೋಡೆಗೆ ರ್‍ಯಾಕ್ ಸಾಗಿಸಿದ್ರೆ ಸರಿ ಹೋಗತ್ತಾ? ಆಗ ಸ್ಪೀಕರ್ ವೈರ್ ಉದ್ದ ಆಗತ್ತೆ, ಎರಡೂ ಒಂದೇ ಅಳತೆ ಇರಲ್ಲ, ಅದ್ರಿಂದ ಶಬ್ದ ಕೆಡತ್ತಾ ಅಂತ ಭಯ.

ಮಂದ್ರಸ್ಥಾಯಿ:
ಗುಂಯ್ ಅನ್ನೋದು ಫೀಡ್‌ಬ್ಯಾಕು ಗುರು, ಅದ್ರಲ್ಲಿ ಅನುಮಾನ ಬೇಡ. ಮೈಕ್‌ನ ಸ್ಪೀಕರ್ ಎದುರಿಗೆ ಹಿಡಿದ್ರೆ ಕುಯ್ಯ್ ಅನ್ನತ್ತಲ್ಲ, ಅದೇ ಕಥೆ ಇಲ್ಲಿ ಕೆಳಗಿನ ಸ್ವರದಲ್ಲಿ ನಡೀತಿದೆ. ಸ್ಪೀಕರಿಂದ ಬಂದ ಬಾಸ್ ರ್‍ಯಾಕನ್ನೂ ಟರ್ನ್‌ಟೇಬಲ್ ಮೈಯನ್ನೂ ರೆಕಾರ್ಡನ್ನೂ ಅಲುಗಾಡ್ಸತ್ತೆ, ಸೂಜಿಗೆ ಅದು ಗ್ರೂವ್‌ನಲ್ಲಿ ಕೊರೆದ ಸಂಗೀತನಾ ಹೊರಗಿಂದ ಬಂದ ನಡುಕನಾ ಅನ್ನೋದು ಗೊತ್ತಾಗಲ್ಲ, ಎರಡನ್ನೂ ಓದಿ ಆಂಪ್‌ಗೆ ಕೊಡತ್ತೆ, ಆಂಪು ಮತ್ತೆ ಸ್ಪೀಕರ್‌ಗೆ. ಸುತ್ತು ಪೂರ್ತಿ ಆಯ್ತು. ಪ್ರತಿ ಸುತ್ತಲ್ಲೂ ಹೋದದ್ದಕ್ಕಿಂತ ಜಾಸ್ತಿ ವಾಪಸ್ ಬಂದ್ರೆ ಬೆಳೀತಾ ಹೋಗತ್ತೆ.

ಇದಕ್ಕೆ ಮೇಲಿಂದ ಇನ್ನೊಂದು. ಎಲ್‌ಪಿ ಕೊರೆಯುವಾಗ ಬಾಸ್ ತಗ್ಗಿಸಿ ಕೊರೀತಾರೆ, ಇಲ್ದಿದ್ರೆ ಗ್ರೂವ್ ಅಗಲ ಆಗಿ ಒಂದು ಮಗ್ಗುಲಲ್ಲಿ ಹಾಡುಗಳು ಹಿಡಿಸಲ್ಲ. ಫೋನೊ ಸ್ಟೇಜು ಅದನ್ನ ವಾಪಸ್ ಎತ್ತಬೇಕು, ಅದೇ ಆರ್‌ಐಎಎ ಈಕ್ವಲೈಸೇಶನ್. 1000 ಹರ್ಟ್ಜ್‌ಗೆ ಹೋಲಿಸಿದ್ರೆ 20 ಹರ್ಟ್ಜ್ ಹತ್ರ ಸುಮಾರು 19 ಡೆಸಿಬೆಲ್ ಎತ್ತತ್ತೆ, ಅಂದ್ರೆ ಒಂಬತ್ತು ಪಟ್ಟು. ಗ್ರೂವ್‌ನಲ್ಲಿರೋ ಬಾಸ್ ಜೊತೆ ರ್‍ಯಾಕಿನ ನಡುಕಾನೂ ಒಂಬತ್ತು ಪಟ್ಟು ಎದ್ದು ಬರತ್ತೆ. ಸಿಡಿಯಲ್ಲಿ ಯಾಕಿಲ್ಲ ಅಂದ್ರೆ ಅಲ್ಲಿ ನಡುಕ ಸಿಗ್ನಲ್ ಆಗಿ ಬದಲಾಗೋ ದಾರೀನೇ ಇಲ್ಲ.

ಒಂದು ಪರೀಕ್ಷೆ ಮಾಡಿ. ಟರ್ನ್‌ಟೇಬಲ್ ತಿರುಗಿಸ್ಬೇಡಿ, ನಿಂತಿರೋ ರೆಕಾರ್ಡ್ ಮೇಲೆ ಸೂಜಿ ಇಳಿಸಿ, ಫೋನೊ ಇನ್‌ಪುಟ್ ಹಾಕಿ, ವಾಲ್ಯೂಮ್ ನಿಧಾನಕ್ಕೆ ಏರಿಸ್ತಾ ಹೋಗಿ. ಕೈ ನಾಬ್ ಮೇಲೇ ಇರ್ಲಿ, ಶುರುವಾದ ತಕ್ಷಣ ಇಳಿಸ್ಬೇಕು, ಇಲ್ದಿದ್ರೆ ವೂಫರ್ ಹೋಗತ್ತೆ. ನೀವು ಕೇಳೋ ಮಟ್ಟಕ್ಕಿಂತ ಸ್ವಲ್ಪ ಮೇಲೆ ಹೋದ್ರೂ ಶಾಂತವಾಗಿದ್ರೆ ಜಾಗ ಒಳ್ಳೇದು.

ನಡುಮನೆ:
ನನ್ನ ಅಭಿಪ್ರಾಯ ಬೇರೆ. ಎಷ್ಟೋ ವರ್ಷದಿಂದ ಮಧ್ಯದಲ್ಲೇ ಇಟ್ಕೊಂಡು ಕೇಳ್ತಿದೀನಿ, ಟರ್ನ್‌ಟೇಬಲ್ ಸಮೇತ, ಒಂದು ದಿನ ಗುಂಯ್ ಅಂದಿಲ್ಲ. ವೈರ್ ಚಿಕ್ಕದು, ನೋಡೋಕೆ ಅಚ್ಚುಕಟ್ಟು, ರಿಮೋಟ್ ನೇರ ಹೊಡೀಬಹುದು. ಆದ್ರೆ ನನ್ನದು ಒಂದೂವರೆ ಅಡಿ ಎತ್ತರದ ಸ್ಟ್ಯಾಂಡ್, ಸ್ಪೀಕರ್ ಮುಖಕ್ಕಿಂತ ಪೂರ್ತಿ ಹಿಂದೆ ಇದೆ. ನಿಮ್ಮದು 3 ಅಡಿ ಎತ್ತರ ಅಂದ್ರೆ ಟ್ವೀಟರ್ (ಮೇಲಿನ ಸ್ವರ ಕೊಡೋ ಭಾಗ) ಮಟ್ಟಕ್ಕೇ ಬಂತು, ಅದೂ ಮುಂದೆ ಚಾಚ್ಕೊಂಡು. ಜಾಗ ಬದಲಿಸೋಕೆ ಮುಂಚೆ ರ್‍ಯಾಕ್ ಬದಲಿಸಿ ನೋಡಿ ಅಂತೀನಿ.

ಸೂಜಿಮೊನೆ:
ನೋಡ್ರಿ, ನಮ್ಮ ಮನ್ಯಾಗೂ ಹಿಂಗ ಆಗಿತ್ತು, ಆದ್ರ ಕಾರಣ ಬ್ಯಾರೆ ಇತ್ತು. ಟರ್ನ್‌ಟೇಬಲ್ ಇಟ್ಟ ಹಲಗಿ ಮ್ಯಾಲೆ ಒಂದು ಸ್ಪೀಕರ್ರೂ ಇಟ್ಟಿದ್ದೆ. ಅದರಷ್ಟು ದೊಡ್ಡ ತಪ್ಪು ಇನ್ನೊಂದಿಲ್ರಿ. ಗಾಳ್ಯಾಗಿಂದ ಬರೂ ನಡುಕ ಒಂದು ಕಡೆ, ಕಟ್ಟಿಗಿ ಹಿಡಕೊಂಡು ನೇರ ಬರೂದು ಇನ್ನೊಂದು ಕಡೆ. ನಿಮ್ಮ ಸ್ಪೀಕರ್ ಸ್ಟ್ಯಾಂಡು ರ್‍ಯಾಕಿಗೆ ಎಲ್ಲ್ಯಾರ ತಾಗಿ ನಿಂತೈತೇನು ಅಂತ ಮೊದಲ ನೋಡ್ರಿ.

ಮತ್ತ ನಿಮ್ಮ ಟರ್ನ್‌ಟೇಬಲ್ ಯಾವ ಜಾತಿದು? ಒಳಗ ಸ್ಪ್ರಿಂಗ್ ಮ್ಯಾಲೆ ತೂಗೂದಾ, ಇಲ್ಲಾ ಭಾರಾದ ಗಟ್ಟಿ ಮೈದಾ? ಎಡ್ಗರ್ ವಿಲ್ಚರ್ ಅನ್ನವ್ರು 1961ರಾಗ ಎಆರ್ (ಅಕೌಸ್ಟಿಕ್ ರಿಸರ್ಚ್) ಕಂಪನಿಯಿಂದ ಒಂದು ಟರ್ನ್‌ಟೇಬಲ್ ತಂದ್ರು, ಅದರಾಗ ರೆಕಾರ್ಡ್ ಇಡೂ ಪ್ಲ್ಯಾಟರ್ರೂ ಸೂಜಿ ಹಿಡಿಯೂ ಟೋನ್‌ಆರ್ಮೂ ಒಂದ ತುಂಡಿನ ಮ್ಯಾಲೆ ಕುಂತು, ಆ ತುಂಡು ಮೂರು ಸ್ಪ್ರಿಂಗ್ ಮ್ಯಾಲೆ ತೂಗತಿತ್ತು. ಇದs ಫೀಡ್‌ಬ್ಯಾಕ್ ತಪ್ಪಸಾಕ ಮಾಡಿದ್ದು ಅದು. ಅಂಥಾವು ಸ್ಪೀಕರಿನ ಬಾಸ್‌ಗೆ ಜಗ್ಗಂಗಿಲ್ಲ, ಆದ್ರ ಮರದ ನೆಲ ಇದ್ದು ನೀವು ಅಡ್ಡ್ಯಾಡಿದ್ರ ಸೂಜಿ ಜಿಗೀತೈತಿ. ಅದಕ್ಕ ಗಟ್ಟಿ ಇಟ್ಟಂಗಿ ಗ್ವಾಡಿಗೆ ಒಂದು ಹಗುರ ಹಲಗಿ ಹೊಡದು ಅದರ ಮ್ಯಾಲೆ ಇಡೂದು ಪಾಡ. ಟೊಳ್ಳ ಪಾರ್ಟಿಶನ್ ಗ್ವಾಡಿ ಆದ್ರ ಹಂಗ ಮಾಡಬ್ಯಾಡ್ರಿ, ಅದು ತಾನs ಡೊಳ್ಳಿನಂಗ ನಡಗ್ತೈತಿ.

ಕಪ್ಪುತಟ್ಟೆ:
ಸ್ಟ್ಯಾಂಡ್ ತಾಗಿಲ್ಲ ಸರ್, ಒಂದೊಂದು ಅಡಿ ಮೇಲೆ ಸಂದು ಇದೆ. ನನ್ನದು ಭಾರದ್ದು, ಡೈರೆಕ್ಟ್ ಡ್ರೈವು (ಬೆಲ್ಟ್ ಇಲ್ಲ, ಮೋಟಾರೇ ನೇರ ತಿರುಗಿಸತ್ತೆ), ಸ್ಪ್ರಿಂಗ್ ಇಲ್ಲ, ಕೆಳಗೆ ರಬ್ಬರ್ ಕಾಲಿದೆ. ನೆಲ ಕಾಂಕ್ರೀಟು. ಮಂದ್ರಸ್ಥಾಯಿ ಅವ್ರು ಹೇಳಿದ ಪರೀಕ್ಷೆ ಮಾಡ್ದೆ, ನಿಂತಿರೋ ರೆಕಾರ್ಡ್ ಮೇಲೂ ಅರ್ಧ ದಾಟಿದ ಕೂಡ್ಲೆ ಶುರು. ಸಬ್‌ಸಾನಿಕ್ ಫಿಲ್ಟರ್ (ಕಿವಿಗೆ ಕೇಳದಷ್ಟು ತಗ್ಗು ಕಂಪನ ತಡೆಯೋದು) ಬಟನ್ ಒತ್ತಿದೆ, ಕೋನ್ ಆಡೋದು ಕಮ್ಮಿ ಆಯ್ತು, ಗುಂಯ್ ಮಾತ್ರ ಹಾಗೇ ಇದೆ.

ಮಂದ್ರಸ್ಥಾಯಿ:
ಅದು ಸರಿಯಾಗೇ ಇದೆ. ಕೋನ್ ಆಡೋದಕ್ಕೂ ಗುಂಯ್‌ಗೂ ಮೂಲ ಬೇರೆ. ರೆಕಾರ್ಡ್ ತಿರುಗೋದು ನಿಮಿಷಕ್ಕೆ 33⅓ ಸುತ್ತು, ಸೆಕೆಂಡಿಗೆ ಅರ್ಧ ಸುತ್ತಿಗಿಂತ ಚೂರು ಜಾಸ್ತಿ. ರೆಕಾರ್ಡ್ ಸೊಟ್ಟ ಇದ್ರೆ ಅದರಿಂದ ಕೆಲವೇ ಹರ್ಟ್ಜ್‌ನ ಅಲೆ ಬರತ್ತೆ, ಕಿವಿಗೆ ಕೇಳಲ್ಲ, ಕೋನ್ ಮಾತ್ರ ಆಡತ್ತೆ. ಅದಕ್ಕೇ ಟೋನ್‌ಆರ್ಮು ಮತ್ತೆ ಕಾರ್ಟ್ರಿಜ್ (ಸೂಜಿ ಕೂತಿರೋ ತುಂಡು) ಸೇರಿದ ಸಹಜ ಕಂಪನ 8ರಿಂದ 12 ಹರ್ಟ್ಜ್ ಒಳಗೆ ಬೀಳೋ ಹಾಗೆ ಜೋಡಿ ಮಾಡ್ಬೇಕು ಅಂತಾರೆ, ಸೊಟ್ಟಕ್ಕಿಂತ ಮೇಲೆ, ಸಂಗೀತಕ್ಕಿಂತ ಕೆಳಗೆ. ಫಿಲ್ಟರ್ ಹಿಡಿಯೋದು ಈ ಅಲೇನ. ಗುಂಯ್ ಕಿವಿಗೆ ಕೇಳ್ತಿದೆ ಅಂದ್ರೆ 30, 40, 70 ಹರ್ಟ್ಜ್ ಎಲ್ಲೋ ಇರತ್ತೆ, ಅದನ್ನ ಫಿಲ್ಟರ್ ಕತ್ತರಿಸಿದ್ರೆ ಸಂಗೀತದ ಬಾಸೂ ಹೋಗತ್ತೆ. ಜಾಗ ಬದಲಿಸೋದೇ ದಾರಿ.

ಧ್ವನಿಕೋಣೆ:
ನಾನು ರೆಕಾರ್ಡಿಂಗ್ ಸ್ಟುಡಿಯೊದಲ್ಲಿ ಮಿಕ್ಸಿಂಗ್ ಮಾಡ್ತೀನಿ. ಗುಂಯ್ ವಿಷಯ ಮೇಲಿನವ್ರು ಚೆನ್ನಾಗಿ ಹೇಳಿದಾರೆ, ಎರಡನೇ ತೊಂದ್ರೆ ಬಗ್ಗೆ ಯಾರೂ ಮಾತಾಡ್ತಿಲ್ಲ, ನನಗೆ ಅದೇ ಜಾಸ್ತಿ ಮುಖ್ಯ ಅನ್ಸತ್ತೆ, ಯಾಕಂದ್ರೆ ಅದು ನೀವು ಹಾಕೋ ಪ್ರತಿಯೊಂದು ಹಾಡಲ್ಲೂ ಇರತ್ತೆ.

ಮಧ್ಯದಲ್ಲಿ ಕೇಳೋ ಧ್ವನಿ ನಿಜವಾಗಿ ಅಲ್ಲಿ ಇಲ್ಲ. ಎರಡೂ ಸ್ಪೀಕರಿಂದ ಒಂದೇ ಶಬ್ದ ಒಂದೇ ಹೊತ್ತಿಗೆ ಒಂದೇ ಜೋರಲ್ಲಿ ನಿಮ್ಮ ಕಿವಿಗೆ ಬಂದಾಗ ಮಿದುಳು ಕಟ್ಟಿಕೊಳ್ಳೋ ಚಿತ್ರ ಅದು. ಹಾಗಾಗಿ ಬಹಳ ನಾಜೂಕು. ಹೆಲ್ಮುಟ್ ಹಾಸ್ ಅನ್ನೋ ಜರ್ಮನ್ ವಿಜ್ಞಾನಿ 1949ರ ತಮ್ಮ ಪಿಎಚ್‌ಡಿ ಪ್ರಬಂಧದಲ್ಲಿ ತೋರಿಸಿದ್ದು ಇದಕ್ಕೆ ಸಂಬಂಧಪಟ್ಟದ್ದೇ: ಅದೇ ಶಬ್ದದ ಪ್ರತಿಧ್ವನಿ ಸುಮಾರು 1ರಿಂದ 30 ಮಿಲಿಸೆಕೆಂಡ್ ತಡವಾಗಿ ಬಂದ್ರೆ ನಾವು ಎರಡನ್ನೂ ಬೇರೆ ಅಂತ ಕೇಳಲ್ಲ, ಮೊದಲು ಬಂದ ದಿಕ್ಕಿಂದಲೇ ಬಂತು ಅನ್ಕೋತೀವಿ. ಆದ್ರೆ 1 ಮಿಲಿಸೆಕೆಂಡ್‌ಗಿಂತ ಕಮ್ಮಿ ತಡ ಆದ್ರೆ ಆ ರಕ್ಷಣೆ ಇಲ್ಲ, ಶಬ್ದದ ಜಾಗಾನೇ ಸರಿದು ಹೋಗತ್ತೆ, ಅಂಚು ಮಸುಕಾಗತ್ತೆ. ಶಬ್ದ 1 ಮಿಲಿಸೆಕೆಂಡಲ್ಲಿ ಹೋಗೋದು ಸುಮಾರು 34 ಸೆಂಟಿಮೀಟರ್, ಒಂದು ಅಡಿ ಚಿಲ್ಲರೆ. ನಿಮ್ಮ ಸ್ಪೀಕರಿಗೂ ರ್‍ಯಾಕಿನ ಮಗ್ಗುಲಿಗೂ ಇರೋ ಸಂದು ಎಷ್ಟು ಅಂತ ನೀವೇ ಬರೆದಿದೀರಿ.

ಇದರ ಜೊತೆ ಸ್ವರದ ಬಣ್ಣಾನೂ ಕೆಡತ್ತೆ. ರ್‍ಯಾಕಿಗೆ ತಾಗಿ ಬರೋ ಶಬ್ದದ ದಾರಿ ನೇರ ದಾರಿಗಿಂತ ಒಂದು ಅಡಿ ಉದ್ದ ಇದ್ರೆ ಸುಮಾರು 560 ಹರ್ಟ್ಜ್ ಹತ್ರ ಎರಡೂ ಒಂದನ್ನೊಂದು ತಿಂದು ಹಾಕ್ತವೆ, ಮನುಷ್ಯನ ಧ್ವನಿಯ ನಡುಮಧ್ಯ ಅದು. ರ್‍ಯಾಕು ಸ್ಪೀಕರ್ ಮುಖಕ್ಕಿಂತ ಹಿಂದೆ, ತಗ್ಗಾಗಿ ಇದ್ರೆ ಇದೆಲ್ಲ ಬಹಳ ಕಮ್ಮಿ, ಯಾಕಂದ್ರೆ ಟ್ವೀಟರ್ ಶಬ್ದ ಮುಂದಕ್ಕೇ ಹೋಗೋದು. ನಡುಮನೆ ಅವ್ರಿಗೆ ತೊಂದ್ರೆ ಆಗ್ದೇ ಇರೋದು ಅದಕ್ಕೇ.

ಈಗಲೇ ಒಂದು ಮಾಡಿ ನೋಡಬಹುದು. ದಪ್ಪ ರಜಾಯಿನ ರ್‍ಯಾಕಿನ ಮೇಲೆ, ಎರಡೂ ಮಗ್ಗುಲು ಮುಚ್ಚೋ ಹಾಗೆ ಹೊದಿಸಿ, ಒಬ್ಬರೇ ಹಾಡಿರೋ ಸಿಡಿ ಹಾಕಿ. ಆಂಪ್ ಬಿಸಿ ಆಗತ್ತೆ, ಒಂದು ಹಾಡು ಕೇಳಿ ತೆಗೆದುಬಿಡಿ. ಧ್ವನಿ ಒಟ್ಟಾದ್ರೆ ಕಾರಣ ಸಿಕ್ಕಂಗೆ. ಮಧ್ಯದಲ್ಲಿ ದೊಡ್ಡ ಟಿವಿ ಇಟ್ಕೊಂಡಿರೋವ್ರಿಗೂ ಇದೇ ಮಾತು.

ಕಪ್ಪುತಟ್ಟೆ:
ಮೇಡಂ, ರಜಾಯಿ ಹಾಕಿ ಕೇಳ್ದೆ. ಕೈ ನಡುಗ್ತು ನಿಜವಾಗ್ಲೂ. ಧ್ವನಿ ಒಂದು ಮುಷ್ಟಿಯಷ್ಟು ಜಾಗಕ್ಕೆ ಬಂದು ನಿಂತ್ಕೊಳ್ತು, ಹಿಂದೆ ಪಿಯಾನೊ ಬೇರೆ ಆಗಿ ಕೇಳಿಸ್ತು, ಅದೇ ಸಿಡಿ, ಅದೇ ಸ್ಪೀಕರ್. ಇಷ್ಟು ದಿನ ಸ್ಪೀಕರ್ ಸರಿ ಇಲ್ಲ ಅನ್ಕೊಂಡು ಮಾರೋ ಯೋಚನೇಲಿದ್ದೆ. ಇವತ್ತು ಸಂಜೇನೆ ರ್‍ಯಾಕ್ ಎತ್ತಿ ಎಡಗಡೆ ಮೂಲೆಗೆ ಇಡ್ತೀನಿ, ಸ್ಪೀಕರ್ ಹಿಂದೆ ಮೂಲೇಲಿ ಸರಿಯಾಗಿ ಹಿಡಿಸತ್ತೆ.

ಮಂದ್ರಸ್ಥಾಯಿ:
ಮೂಲೆ ಬೇಡ ಗುರು!! ಸ್ವಲ್ಪ ತಡೀರಿ.

ಕಪ್ಪುತಟ್ಟೆ:
ನಿಮ್ಮ ಮೆಸೇಜ್ ನೋಡೋಷ್ಟರಲ್ಲಿ ಇಟ್ಟಾಗಿತ್ತು. ಧ್ವನಿ ಅದ್ಭುತ, ಮಧ್ಯ ಪೂರ್ತಿ ತೆರೆದುಕೊಂಡಿದೆ. ಆದ್ರೆ ಗುಂಯ್ ಮೊದಲಿಗಿಂತ ಜೋರು, ಈಗ ಕಾಲು ವಾಲ್ಯೂಮಿಗೇ ಶುರು ಆಗ್ತಿದೆ. ಸ್ಪೀಕರ್ ಎದುರಿಂದ ತೆಗೆದು ಹಿಂದೆ ಇಟ್ರೆ ಕಮ್ಮಿ ಆಗ್ಬೇಕಿತ್ತಲ್ವಾ, ಜಾಸ್ತಿ ಯಾಕಾಯ್ತು?

ಧ್ವನಿಕೋಣೆ:
ಬಾಸ್‌ಗೆ ಎದುರು ಹಿಂದೆ ಅನ್ನೋದಿಲ್ಲ. 40 ಹರ್ಟ್ಜ್ ಅಲೆಯ ಉದ್ದ ಎಂಟೂವರೆ ಮೀಟರ್, ಸ್ಪೀಕರ್ ಪೆಟ್ಟಿಗೆ ಅದಕ್ಕೆ ಅಡ್ಡಾನೇ ಅಲ್ಲ, ಎಲ್ಲಾ ಕಡೆ ಹರಡತ್ತೆ. ಅಲ್ಲಿಂದ ಮುಂದೆ ಬಾಸ್ ಎಲ್ಲಿ ಜಾಸ್ತಿ ಎಲ್ಲಿ ಕಮ್ಮಿ ಅನ್ನೋದನ್ನ ತೀರ್ಮಾನ ಮಾಡೋದು ನಿಮ್ಮ ರೂಮಿನ ಅಳತೆ.

ಲೆಕ್ಕ ಸುಲಭ ಇದೆ. ಶಬ್ದದ ವೇಗ ಸೆಕೆಂಡಿಗೆ 343 ಮೀಟರ್, ಅದನ್ನ ರೂಮಿನ ಉದ್ದದ ಎರಡರಷ್ಟರಿಂದ ಭಾಗಿಸಿ. ನಿಮ್ಮ 16 ಅಡಿ ಅಂದ್ರೆ 4.9 ಮೀಟರ್, ಉತ್ತರ 35 ಹರ್ಟ್ಜ್. ಅದರ ಎರಡರಷ್ಟು 70. ಅಗಲ 12 ಅಡಿಗೆ 47 ಹರ್ಟ್ಜ್ ಬರತ್ತೆ. ಈ ಸ್ವರಗಳಲ್ಲಿ ಶಬ್ದ ಎರಡು ಗೋಡೆ ಮಧ್ಯ ನಿಂತುಬಿಡತ್ತೆ, ಕೆಲವು ಕಡೆ ಒತ್ತಡ ಪೂರ್ತಿ, ಕೆಲವು ಕಡೆ ಸೊನ್ನೆ. ಗೋಡೆ ಹತ್ರ ಯಾವಾಗಲೂ ಪೂರ್ತಿ. ಎರಡು ಗೋಡೆ ಸೇರೋ ಮೂಲೇಲಿ ಉದ್ದದ್ದೂ ಅಗಲದ್ದೂ ಎಲ್ಲಾ ಪೂರ್ತಿ. ರೂಮಿನಲ್ಲಿ ಬಾಸ್ ಅತೀ ಜಾಸ್ತಿ ಇರೋ ಜಾಗ ಹುಡುಕಿ ಅಲ್ಲಿಗೇ ಟರ್ನ್‌ಟೇಬಲ್ ಒಯ್ದಂಗಾಯ್ತು ನೀವು.

ಈಗ ಉದ್ದದ ಗೋಡೆ ಹಿಡ್ಕೊಂಡು ನಡೀತಾ ಬನ್ನಿ. 35 ಹರ್ಟ್ಜ್ ರೂಮಿನ ಮಧ್ಯಕ್ಕೆ, ಅಂದ್ರೆ 8 ಅಡಿಗೆ ಸೊನ್ನೆ ಆಗತ್ತೆ, ಆದ್ರೆ ಅಲ್ಲೇ 70 ಹರ್ಟ್ಜ್ ಪೂರ್ತಿ ಇರತ್ತೆ. ಕಾಲು ಭಾಗ, 4 ಅಡಿಗೆ ಬಂದ್ರೆ 70 ಸೊನ್ನೆ, 35 ಇನ್ನೂ ಸುಮಾರು ಮುಕ್ಕಾಲು ಇದೆ. ಮೂರನೇ ಒಂದು ಭಾಗದಲ್ಲಿ ಎರಡೂ ಅರ್ಧಕ್ಕೆ ಇಳಿದಿರ್ತವೆ. ಮೂರನೇ ಎರಡು ಭಾಗದಲ್ಲೂ ಹಾಗೇ. ನಿಮ್ಮ ರೂಮಲ್ಲಿ ಇವು ಮುಂದಿನ ಗೋಡೆಯಿಂದ ಸುಮಾರು 5 ಅಡಿ 4 ಇಂಚು, ಮತ್ತೆ 10 ಅಡಿ 8 ಇಂಚು. ಎರಡರಲ್ಲಿ ರೂಮಿನ ಹಿಂಬದಿಯದನ್ನ, 10 ಅಡಿ 8 ಇಂಚಿಂದನ್ನ ಆರಿಸ್ಕೊಳ್ಳಿ. ಕಾರಣ, ಎಡ ಸ್ಪೀಕರಿನ ಶಬ್ದ ಎಡ ಗೋಡೆಗೆ ಬಡಿದು ನಿಮ್ಮ ಕಿವಿಗೆ ಬರೋ ಜಾಗ ನೀವು ಕೊಟ್ಟ ಅಳತೆ ಪ್ರಕಾರ 4 ಅಡಿ ಹತ್ರ ಬೀಳತ್ತೆ. ಅಲ್ಲಿ ಒಂದು ಪಕ್ಕಕ್ಕೆ ಮಾತ್ರ ರ್‍ಯಾಕ್ ಬಂದ್ರೆ ಎಡ ಬಲ ಸಮ ಇರಲ್ಲ, ಈಗ ತಾನೇ ಗಳಿಸಿದ ಮಧ್ಯದ ಚಿತ್ರ ಮತ್ತೆ ಕೆಡತ್ತೆ. ಕನ್ನಡಿ ಹಿಡಿದು ಖಾತ್ರಿ ಮಾಡ್ಕೊಬಹುದು: ನೀವು ಕೂತ್ಕೊಳ್ಳಿ, ಇನ್ನೊಬ್ರು ಗೋಡೆಗೆ ಕನ್ನಡಿ ಒತ್ತಿ ಸರಿಸ್ತಾ ಬರ್ಲಿ, ಕನ್ನಡೀಲಿ ಸ್ಪೀಕರ್ ಕಂಡ ಜಾಗ ಅದೇ.

ನಡುಮನೆ:
ಮೇಡಂ ಒಂದು ಅನುಮಾನ. ಪಕ್ಕದ ಗೋಡೆಗೆ ಅಂಟಿಸಿದ್ರೆ ಅಗಲದ 47 ಹರ್ಟ್ಜ್ ಅಲ್ಲಿ ಪೂರ್ತಿ ಇರತ್ತಲ್ವಾ? ಮುಂದಿನ ಗೋಡೆಯ ಸರಿ ಮಧ್ಯದಲ್ಲಿ ಅದು ಸೊನ್ನೆ. ಹಾಗೆ ನೋಡಿದ್ರೆ ಮಧ್ಯಾನೇ ಒಳ್ಳೇದು ಅನ್ಬೇಕು.

ಧ್ವನಿಕೋಣೆ:
ಒಳ್ಳೇ ಪ್ರಶ್ನೆ, ಇದನ್ನ ಕೇಳೇ ಕೇಳ್ತಾರೆ ಅಂತ ಗೊತ್ತಿತ್ತು. ಅಗಲದ ಮೊದಲ ಅಲೆ ಎಬ್ಬಿಸ್ಬೇಕು ಅಂದ್ರೆ ಎಡಗಡೆ ಒತ್ತುವಾಗ ಬಲಗಡೆ ಎಳೀಬೇಕು. ಎರಡೂ ಸ್ಪೀಕರ್ ಗೋಡೆಗಳಿಂದ ಸಮ ದೂರದಲ್ಲಿದ್ದು ಎರಡರಿಂದಲೂ ಒಂದೇ ಬಾಸ್ ಬಂದ್ರೆ ಆ ಅಲೆ ಏಳೋದೇ ಇಲ್ಲ, ಒಂದು ಎಬ್ಬಿಸಿದ್ದನ್ನ ಇನ್ನೊಂದು ಅಳಿಸಿಬಿಡತ್ತೆ. ಎಲ್‌ಪಿಯಲ್ಲಿ ಬಾಸ್ ಸಾಮಾನ್ಯವಾಗಿ ಎರಡೂ ಚಾನೆಲ್‌ಗೆ ಒಂದೇ ಇರತ್ತೆ. ಕೊರೆಯುವಾಗಲೇ ಹಾಗೆ ಮಾಡ್ತಾರೆ, ಯಾಕಂದ್ರೆ ಎಡ ಬಲ ಬೇರೆ ಬೇರೆ ಬಾಸ್ ಇದ್ರೆ ಗ್ರೂವ್ ಮೇಲೆ ಕೆಳಗೆ ಏರಿಳಿದು ಸೂಜಿ ಎಗರತ್ತೆ. ಹಾಗಾಗಿ 47ರ ಭಯ ಕಾಗದದ ಮೇಲೆ ಇರೋಷ್ಟು ನಿಜದಲ್ಲಿ ಇಲ್ಲ. ಮುಂದಿನ ಗೋಡೆ ಮಧ್ಯದಲ್ಲಿ 35 ಮತ್ತು 70 ಎರಡೂ ಪೂರ್ತಿ ಇರ್ತವೆ, ಅವನ್ನ ಅಳಿಸೋವ್ರು ಯಾರೂ ಇಲ್ಲ. ಲೆಕ್ಕ ದಾರಿ ತೋರ್ಸತ್ತೆ ಅಷ್ಟೇ, ಬೀರು ಬಾಗಿಲು ಕಿಟಕಿ ಎಲ್ಲ ಇರೋ ರೂಮಲ್ಲಿ ಅರ್ಧ ಅಡಿ ಆಚೆ ಈಚೆ ಆಗತ್ತೆ, ಸರಿಸಿ ಸರಿಸಿ ನೋಡ್ಬೇಕು.

ತಂತಿಗಂಟು:
ವೈರ್ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ, ನಾನು ಕೊಡ್ತೀನಿ. 2.5 ಚದರ ಮಿಲಿಮೀಟರ್ ತಾಮ್ರದ ತಂತಿಗೆ ಮೀಟರಿಗೆ ಸುಮಾರು 0.007 ಓಮ್. ದೂರದ ಸ್ಪೀಕರಿಗೆ 8 ಮೀಟರ್ ಅಂದ್ಕೊಳ್ಳಿ, ಹೋಗಿ ಬರೋದು 16 ಮೀಟರ್, ಒಟ್ಟು 0.11 ಓಮ್. ಹತ್ತಿರದ್ದಕ್ಕೆ 4 ಮೀಟರ್ ಆದ್ರೆ ಅದರ ಅರ್ಧ. ಸ್ಪೀಕರ್ 6 ಓಮ್ ಇದ್ರೂ ಎರಡರ ಜೋರಿನ ವ್ಯತ್ಯಾಸ ಒಂದು ಡೆಸಿಬೆಲ್‌ನ ಹತ್ತನೇ ಒಂದು ಭಾಗಕ್ಕಿಂತ ಕಮ್ಮಿ. ವೈರಿನ ರೆಸಿಸ್ಟೆನ್ಸ್ ಸ್ಪೀಕರಿನದರ ಶೇಕಡಾ 5 ದಾಟದಿದ್ರೆ ಸಾಕು ಅನ್ನೋದು ರೂಢಿ, ನಿಮ್ಮದು ಶೇಕಡಾ 2 ಆಯ್ತು. ಸಮಯದ ವ್ಯತ್ಯಾಸ ಅಂತೀರಾ, 4 ಮೀಟರ್ ಜಾಸ್ತಿ ತಂತಿಗೆ ಸಿಗ್ನಲ್ ತಗೊಳ್ಳೋ ಸಮಯದಲ್ಲಿ ಗಾಳೀಲಿ ಶಬ್ದ ಒಂದು ಮಿಲಿಮೀಟರಿನ ನೂರನೇ ಭಾಗದಷ್ಟೂ ಸರಿಯಲ್ಲ. ನಿಮ್ಮ ತಲೆ ಚೂರು ಆಚೆ ವಾಲಿದ್ರೆ ಅದಕ್ಕಿಂತ ಸಾವಿರಾರು ಪಟ್ಟು ವ್ಯತ್ಯಾಸ. ಎರಡೂ ಒಂದೇ ಉದ್ದ ಇರ್ಲಿ ಅಂತ ಉಳಿದದ್ದನ್ನ ಸುತ್ತಿ ಸ್ಪೀಕರ್ ಹಿಂದೆ ತುರುಕೋದು ಬೇಡ.

ಚಿಕ್ಕದಾಗಿ ಇರ್ಲೇಬೇಕಾದ ವೈರ್ ಒಂದಿದೆ, ಟರ್ನ್‌ಟೇಬಲ್‌ನಿಂದ ಫೋನೊ ಸ್ಟೇಜಿಗೆ ಹೋಗೋದು. ಎಂಎಂ (ಮೂವಿಂಗ್ ಮ್ಯಾಗ್ನೆಟ್) ಕಾರ್ಟ್ರಿಜ್‌ಗೆ ವೈರು ಮತ್ತೆ ಇನ್‌ಪುಟ್ಟು ಸೇರಿ ಕೆಪಾಸಿಟೆನ್ಸ್ (ವಿದ್ಯುತ್ ಚಾರ್ಜ್ ಹಿಡಿದಿಡೋ ಗುಣ) ಇಷ್ಟೇ ಇರ್ಬೇಕು ಅಂತ ಇರತ್ತೆ, ಸಾಮಾನ್ಯವಾಗಿ 100ರಿಂದ 300 ಪಿಕೊಫ್ಯಾರಡ್ ಒಳಗೆ. ವೈರ್ ಉದ್ದ ಆದ್ರೆ ಅದು ದಾಟಿ ಮೇಲಿನ ಸ್ವರಗಳ ರೂಪ ಬದಲಾಗತ್ತೆ, ಜೊತೆಗೆ ಸಿಗ್ನಲ್ ಕೆಲವೇ ಮಿಲಿವೋಲ್ಟು, ಹಮ್ಮಿಂಗ್ ಎಳ್ಕೊಳ್ಳತ್ತೆ. ಅದಕ್ಕೆ ಟರ್ನ್‌ಟೇಬಲ್ ಒಂದನ್ನೇ ದೂರ ಇಟ್ಟು ಆಂಪ್ ಇಲ್ಲೇ ಬಿಡೋದಾದ್ರೆ ಫೋನೊ ಸ್ಟೇಜು ಟರ್ನ್‌ಟೇಬಲ್ ಜೊತೆಗೇ ಹೋಗ್ಲಿ, ಅಲ್ಲಿಂದ ಮುಂದೆ ಲೈನ್ ಮಟ್ಟದ ಸಿಗ್ನಲ್ಲು, 5-6 ಮೀಟರ್ ಹೋದ್ರೂ ಏನೂ ಆಗಲ್ಲ. ಇನ್ನೂ ದೂರ ಇದ್ರೆ, ಇಲ್ಲಾ ಕರೆಂಟ್ ವೈರ್ ಪಕ್ಕದಲ್ಲೇ ಹೋಗ್ಬೇಕಾದ್ರೆ, ಎರಡೂ ಕಡೆ ಸಾಕೆಟ್ ಇದ್ದಲ್ಲಿ ಎಕ್ಸ್‌ಎಲ್‌ಆರ್ ಬ್ಯಾಲೆನ್ಸ್ಡ್ ವೈರ್ ಹಾಕಿ. ಎರಡು ತಂತಿಗೂ ಸಮನಾಗಿ ಸೇರ್ಕೊಂಡ ಹಮ್ಮಿಂಗನ್ನ ಇನ್‌ಪುಟ್ಟೇ ಕಳೆದು ಹಾಕತ್ತೆ.

ಇನ್ನೊಂದು ಗಮನ ಇರ್ಲಿ, ಆಂಪಿನ ಟ್ರಾನ್ಸ್‌ಫಾರ್ಮರ್ ಕಾರ್ಟ್ರಿಜ್ ಕೆಳಗೆ ನೇರಕ್ಕೆ ಬರೋ ಹಾಗೆ ಇಡ್ಬೇಡಿ. ಆ ಹಮ್ಮಿಂಗು ಸಪಾಟಾಗಿ ಒಂದೇ ಮಟ್ಟದಲ್ಲಿ ಇರತ್ತೆ, ಫೀಡ್‌ಬ್ಯಾಕ್ ಥರ ಬೆಳೆಯಲ್ಲ, ಟೋನ್‌ಆರ್ಮ್ ಒಳಗೆ ಹೋದ ಹಾಗೆ ಜಾಸ್ತಿ ಕಮ್ಮಿ ಆಗತ್ತೆ. ಹಾಗೆ ಗುರುತಿಸಬಹುದು.

ಬಿಸಿದೀಪ:
ನಾನು ವಾಲ್ವ್ ಆಂಪ್ ಬಳಸೋನು, ಒಂದು ಸೇರಿಸ್ತೀನಿ. ವಾಲ್ವ್ ಒಳಗಿನ ತಂತಿಜಾಲ ನಡುಗಿದ್ರೆ ಅದೂ ಶಬ್ದ ಆಗತ್ತೆ. ಪೆನ್ಸಿಲ್ ಹಿಂಬದಿಯಿಂದ ಮೆಲ್ಲಗೆ ತಟ್ಟಿದಾಗ ಸ್ಪೀಕರಲ್ಲಿ ಟಿಂಗ್ ಅಂತ ಜೋರಾಗಿ ಬಂದ್ರೆ ಆ ವಾಲ್ವ್ ಸ್ಪೀಕರ್ ಹತ್ರ ಇರಬಾರ್ದು, ಅದರಲ್ಲೂ ಫೋನೊ ಸ್ಟೇಜಿನ ಚಿಕ್ಕ ವಾಲ್ವ್‌ಗಳು. ಟ್ರಾನ್ಸಿಸ್ಟರ್ ಆಂಪಿಗೆ ಈ ಚಿಂತೆ ಇಲ್ಲ, ಎಲ್ಲಿ ಬೇಕಾದ್ರೂ ಇಡಿ, ಮೇಲ್ಗಡೆ ಗಾಳಿಗೆ ಒಂದು ಗೇಣು ಜಾಗ ಬಿಡಿ ಅಷ್ಟೇ.

ಸೂಜಿಮೊನೆ:
ಸಿಡಿ ಪ್ಲೇಯರ್ ಕೆಳಗ ದುಬಾರಿ ಕಾಲು, ಕಲ್ಲು ಎಲ್ಲ ಹಾಕ್ರಿ ಅಂತ ಹೇಳವ್ರು ಬರ್ತಾರ, ಅದಕ್ಕ ರೊಕ್ಕ ಹಾಕಬ್ಯಾಡ್ರಿ. ತಟ್ಟಿ ಮ್ಯಾಲೆ ಓದೂದು ತಪ್ಪಿದ್ರ ಸರಿ ಮಾಡ್ಕೊಳ್ಳೂ ವ್ಯವಸ್ಥಾ ಅದರಾಗs ಐತಿ. ಇರೂ ರೊಕ್ಕ ಟರ್ನ್‌ಟೇಬಲ್ ಹಲಗಿಗೆ ಹಾಕ್ರಿ.

ಕಪ್ಪುತಟ್ಟೆ:
ಹತ್ತು ದಿನ ಆದ್ಮೇಲೆ ಬರೀತಿದೀನಿ, ಕ್ಷಮಿಸಿ, ಸರಿಯಾಗಿ ಮಾಡಿ ಹೇಳೋಣ ಅಂತ ಕಾದೆ.

ಬರೀ ಕಿವಿ ನಂಬದೆ ಒಂದು ವಿಧಾನ ಮಾಡ್ಕೊಂಡೆ. ಟರ್ನ್‌ಟೇಬಲ್ ನಿಲ್ಲಿಸಿ ರೆಕಾರ್ಡ್ ಮೇಲೆ ಸೂಜಿ ಇಳಿಸಿ, ಫೋನೊ ಸ್ಟೇಜಿನ ಔಟ್‌ಪುಟ್ ಆಂಪಿಗೆ ಕೊಡದೆ ಲ್ಯಾಪ್‌ಟಾಪಿಗೆ ಕೊಟ್ಟು ರೆಕಾರ್ಡ್ ಮಾಡ್ಕೊಂಡೆ. ಆಂಪಲ್ಲಿ ಸಿಡಿಯಿಂದ ಬಾಸ್ ಜಾಸ್ತಿ ಇರೋ ಒಂದೇ ಹಾಡು ಒಂದೇ ವಾಲ್ಯೂಮಲ್ಲಿ ಹಾಕ್ದೆ. ಸುತ್ತು ಕಡಿದಿರೋದ್ರಿಂದ ಗುಂಯ್ ಬರಲ್ಲ, ಸೂಜಿ ಹೊರಗಿಂದ ಎಷ್ಟು ಕದೀತಿದೆ ಅನ್ನೋದು ಮಾತ್ರ ಸಿಗತ್ತೆ. ಆ ರೆಕಾರ್ಡಿಂಗ್ ಕೇಳಿದಾಗ ನಂಬೋಕೆ ಆಗಲಿಲ್ಲ, ತಿರುಗದೆ ಇರೋ ತಟ್ಟೆಯಿಂದ ಇಡೀ ಹಾಡು ಕೇಳ್ತಿತ್ತು, ಗೋಡೆ ಆಚೆಯಿಂದ ಕೇಳಿದ ಹಾಗೆ ಮಂಕಾಗಿ, ಡ್ರಮ್ ಹೊಡೆತ ಮಾತ್ರ ಸ್ಪಷ್ಟ. ಇಷ್ಟು ದಿನ ಪ್ರತಿ ಎಲ್‌ಪಿ ಜೊತೆ ಇದನ್ನೂ ಸೇರಿಸಿ ಕೇಳ್ತಿದ್ದೆ ಅಂತಾಯ್ತು. ಗುಂಯ್ ಬರೋ ಮಟ್ಟಕ್ಕಿಂತ ಎಷ್ಟೋ ಕೆಳಗೂ ಇದು ಇದೆ, ಯಾರಿಗೆ ಗುಂಯ್ ಇಲ್ವೋ ಅವ್ರೂ ಒಮ್ಮೆ ಮಾಡಿ ನೋಡ್ಬೇಕು ಅಂತ ಕೇಳ್ಕೊತೀನಿ.

ಮೂಲೆ, ಮುಂದಿನ ಗೋಡೆ ಮಧ್ಯ, ಪಕ್ಕದ ಗೋಡೆ 5 ಅಡಿ, 8 ಅಡಿ, 10 ಅಡಿ 8 ಇಂಚು, ಐದೂ ಕಡೆ ಮಾಡ್ದೆ. ಮೂಲೇಲಿ ಅಲೆ ಎಲ್ಲಕ್ಕಿಂತ ಎತ್ತರ. ಮುಂದಿನ ಮಧ್ಯ ಅದಕ್ಕಿಂತ ಸ್ವಲ್ಪ ಕಮ್ಮಿ. 8 ಅಡೀಲಿ ಆಳದ ಬಾಸ್ ಹೋಗಿತ್ತು ಆದ್ರೆ ಬೇರೊಂದು ಸ್ವರ ಎದ್ದು ಬರ್ತಿತ್ತು, ಮೇಡಂ ಹೇಳಿದ 70 ಇರ್ಬೇಕು. 10 ಅಡಿ 8 ಇಂಚಿನ ಜಾಗದಲ್ಲಿ ಅಲೆ ಮೂಲೆಯ ಅರ್ಧಕ್ಕಿಂತ ಕೆಳಗೆ ಇಳೀತು, ಅಲ್ಲಿಂದ ಮತ್ತೆ ಕಾಲು ಅಡಿ ಮುಂದೆ ಸರಿಸಿದಾಗ ಇನ್ನೂ ಚೂರು ಒಳ್ಳೇದಾಯ್ತು, ಅಲ್ಲೇ ನಿಲ್ಲಿಸ್ದೆ. ಎಲ್ಲಾ ರ್‍ಯಾಕ್ ಸಮೇತ ಈಗ ಅಲ್ಲಿದೆ, ನನ್ನ ಕುರ್ಚಿಗಿಂತ ಸ್ವಲ್ಪ ಹಿಂದೆ ಎಡಕ್ಕೆ. ವಾಲ್ಯೂಮ್ ಮುಕ್ಕಾಲು ದಾಟಿಸಿದ್ರೂ ಗುಂಯ್ ಇಲ್ಲ, ಅದಕ್ಕಿಂತ ಜೋರು ನಂಗೆ ಬೇಡವೂ ಬೇಡ.

ಒಂದು ಲಾಭ ನಿರೀಕ್ಷೆ ಮಾಡಿರಲಿಲ್ಲ. ರೆಕಾರ್ಡ್ ಮಗ್ಗುಲು ಬದಲಿಸೋಕೆ ಎರಡು ಹೆಜ್ಜೆ ಸಾಕು. ದೀಪಗಳೆಲ್ಲ ಕಣ್ಣೆದುರಿಂದ ಹೋದವು, ಎದುರಿಗೆ ಬರೀ ಗೋಡೆ, ರಾತ್ರಿ ಲೈಟ್ ಆರಿಸಿ ಕೂತ್ರೆ ಹಾಡೋವ್ರು ನಿಜವಾಗ್ಲೂ ಅಲ್ಲಿ ನಿಂತಿರೋ ಹಾಗೆ. ತೊಂದ್ರೆ ಅಂದ್ರೆ ರಿಮೋಟ್‌ನ ಹಿಂದಕ್ಕೆ ತಿರುಗಿಸಿ ಒತ್ತಬೇಕು. ವೈರ್ 2.5ರದ್ದೇ ಹಾಕ್ದೆ, ಒಂದು ಉದ್ದ ಒಂದು ಗಿಡ್ಡ, ತಂತಿಗಂಟು ಅವ್ರು ಹೇಳಿದ ಹಾಗೆ. ಎಡ ಬಲ ಅದಲು ಬದಲು ಮಾಡಿ ಕೇಳ್ದೆ, ವ್ಯತ್ಯಾಸ ಸಿಗಲಿಲ್ಲ.

ಒಂದು ಪ್ರಶ್ನೆ ಉಳಿದಿದೆ. ಟರ್ನ್‌ಟೇಬಲ್‌ನ ಪ್ಲಾಸ್ಟಿಕ್ ಮುಚ್ಚಳ ಹಾಡುವಾಗ ಮುಚ್ಚಿರ್ಬೇಕಾ ತೆಗೆದಿರ್ಬೇಕಾ?

ನಡುಮನೆ:
ಮೊದಲು ಒಂದು ಮಾತು, ನಿಮ್ಮ ಲ್ಯಾಪ್‌ಟಾಪ್ ಪರೀಕ್ಷೆ ಓದಿ ನಾನೂ ನಿನ್ನೆ ರಾತ್ರಿ ಮಾಡ್ದೆ. ನನ್ನ ಮಧ್ಯದ ತಗ್ಗು ಸ್ಟ್ಯಾಂಡಲ್ಲೂ ಹಾಡು ಕೇಳಿಸ್ತು. ನಿಮ್ಮಷ್ಟು ಇಲ್ಲದೇ ಇರ್ಬಹುದು, ಆದ್ರೆ ಇದೆ. ಆಂಪು ಸಿಡಿ ಎಲ್ಲ ಅಲ್ಲೇ ಬಿಟ್ಟು ಟರ್ನ್‌ಟೇಬಲ್ ಫೋನೊ ಸ್ಟೇಜು ಎರಡನ್ನೇ ಪಕ್ಕದ ಗೋಡೆಗೆ ಒಯ್ಯೋಣ ಅಂತಿದೀನಿ.

ಮಂದ್ರಸ್ಥಾಯಿ:
ಮುಚ್ಚಳದ್ದು ಹೀಗೇ ಅಂತ ಹೇಳಕ್ಕಾಗಲ್ಲ. ಅರ್ಧ ತೆರೆದು ನಿಲ್ಲಿಸೋದು ಮಾತ್ರ ಬೇಡ, ಆಗ ಅದು ಹಾಯಿ ಥರ ಬಾಸ್ ಹಿಡಿದು ಕೀಲಿನ ಮೂಲಕ ನೇರ ಮೈಗೆ ಕೊಡತ್ತೆ. ಮುಚ್ಚಿದ್ರೆ ಮೇಲಿಂದ ರೆಕಾರ್ಡಿಗೆ ಬಡಿಯೋ ಗಾಳಿ ತಪ್ಪತ್ತೆ, ಆದ್ರೆ ಮುಚ್ಚಳಾನೇ ನಡುಗ್ಬಹುದು. ನಿಮ್ಮ ಹತ್ರ ಈಗ ಅಳೆಯೋ ವಿಧಾನ ಇದೆಯಲ್ಲ, ಅದೇ ಹಾಡು ಅದೇ ವಾಲ್ಯೂಮ್, ಮುಚ್ಚಿ ಒಂದು ಸಲ, ಪೂರ್ತಿ ಕಳಚಿ ಇನ್ನೊಂದು ಸಲ ರೆಕಾರ್ಡ್ ಮಾಡಿ ಇಲ್ಲಿ ಹಾಕಿ.

ಕಪ್ಪುತಟ್ಟೆ:
ಮಾಡ್ದೆ. ನನ್ನದರಲ್ಲಿ ಕಳಚಿದಾಗ ಕಮ್ಮಿ ಇದೆ, ಅರ್ಧ ತೆರೆದಾಗ ಮೂರರಲ್ಲೂ ಕೆಟ್ಟದ್ದು. ಕಳಚಿ ಬೀರು ಮೇಲೆ ಇಟ್ಟಿದೀನಿ, ಕೇಳಿ ಮುಗಿದ್ಮೇಲೆ ಧೂಳು ಬೀಳದ ಹಾಗೆ ಮುಚ್ತೀನಿ.